ಆಕಾರಕ್ಕೆ ತೆತ್ತ ಗಾಯದ ಕಲೆ

ಶಸ್ತ್ರಕ್ರಿಯೆಗೆ ಮುನ್ನ ಹೆಂಗಸು ನೆಟ್ಟಗೆ ನಿಂತಿರಬೇಕು. ಅರಿವಳಿಕೆ ಕೊಡುವ ಮೊದಲು, ಮೇಜಿನ ಮೇಲೆ ಮಲಗಿಸುವ ಮೊದಲು, ವೈದ್ಯರು ಶಾಯಿಯ ಪೆನ್ನು ಹಿಡಿದು ಆಕೆಯ ಎದೆಯ ಮೇಲೆ ಗೆರೆಗಳನ್ನು ಎಳೆಯುತ್ತಾರೆ. ಕೊರಳ ಬುಡದ ಗುಳಿಯಿಂದ ಮೊಲೆತೊಟ್ಟಿಗೆ ಎಷ್ಟು ದೂರ, ಸ್ತನದ ಕೆಳಗಿನ ಮಡಿಕೆ ಯಾವ ಮಟ್ಟದಲ್ಲಿದೆ, ಎಡಬಲಗಳ ವ್ಯತ್ಯಾಸವೆಷ್ಟು ಎಂದು ಟೇಪು ಹಿಡಿದು ಅಳೆಯುತ್ತಾರೆ. ಮಲಗಿದ ಮೇಲೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಮಲಗಿದಾಗ ಸ್ತನ ಬದಿಗೆ ಹರಡುತ್ತದೆ, ಜೋತುಬಿದ್ದದ್ದು ಜೋತುಬಿದ್ದಂತೆ ಕಾಣುವುದಿಲ್ಲ.

ಜೋತುಬಿದ್ದ ಸ್ತನವನ್ನು ಎತ್ತಿ ಕೂರಿಸುವ ಈ ಚಿಕಿತ್ಸೆಗೆ ವೈದ್ಯಲೋಕದಲ್ಲಿ ‘ಮ್ಯಾಸ್ಟೊಪೆಕ್ಸಿ’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಮ್ಯಾಸ್ಟೊಸ್’ ಎಂದರೆ ಸ್ತನ, ‘ಪೆಕ್ಸಿಸ್’ ಎಂದರೆ ಕಟ್ಟಿ ನಿಲ್ಲಿಸುವುದು. ಜಾಹೀರಾತುಗಳು ಇದನ್ನು ಊಟದ ಬಿಡುವಿನಲ್ಲಿ ಮುಗಿಸಬಹುದಾದ ಕೆಲಸವೆಂಬಂತೆ ಬಿಂಬಿಸುತ್ತವೆ. ಆದರೆ ಪೆನ್ನಿನ ಆ ಗೆರೆಗಳ ಹಿಂದೆ ನೂರಿಪ್ಪತ್ತೈದು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸದ ಬಹುಭಾಗ ಒಂದೇ ಚೌಕಾಸಿಯಲ್ಲಿ ಕಳೆದುಹೋಗಿದೆ: ಒಳ್ಳೆಯ ಆಕಾರ ಬೇಕೆಂದರೆ ಎಷ್ಟು ಗಾಯದ ಕಲೆ ಸಹಿಸಬೇಕು, ಮೊಲೆತೊಟ್ಟಿನ ಜೀವವನ್ನು ಎಷ್ಟರಮಟ್ಟಿಗೆ ಪಣಕ್ಕೆ ಒಡ್ಡಬೇಕು?

ಮೊದಲು, ಸ್ತನ ಜೋತುಬೀಳುವುದು ಏಕೆ ಎಂಬ ಪ್ರಶ್ನೆ. ಸ್ತನದೊಳಗೆ ಸ್ನಾಯು ಇಲ್ಲ. ಹಾಲಿನ ಗ್ರಂಥಿ ಮತ್ತು ಕೊಬ್ಬು ಎದೆಯ ಸ್ನಾಯುವಿನ ಮೇಲೆ ಕುಳಿತಿರುತ್ತವೆ. ಅವನ್ನು ಹಿಡಿದಿಟ್ಟಿರುವುದು ಮೇಲಿನ ಚರ್ಮ ಮತ್ತು ಒಳಗಿನ ತೆಳುವಾದ ನಾರಿನ ಎಳೆಗಳು. ಈ ಎಳೆಗಳನ್ನು ವಿವರವಾಗಿ ಬಣ್ಣಿಸಿದವರು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್. ಸ್ತನದ ಅಂಗರಚನೆ ಕುರಿತ ಅವರ ಗ್ರಂಥ 1840ರಲ್ಲಿ ಹೊರಬಂತು. ಇಂದಿಗೂ ಆ ನಾರುಗಳಿಗೆ ಅವರದೇ ಹೆಸರು. ಬಸಿರಿನಲ್ಲಿ ಸ್ತನ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ದೇಹದ ತೂಕ ಏರಿಳಿದಾಗಲೂ ಹೀಗೆಯೇ. ಒಮ್ಮೆ ಹಿಗ್ಗಿದ ಚರ್ಮ ಮತ್ತು ನಾರು ಹಳೆಯ ಸೊಂಟದ ಎಲಾಸ್ಟಿಕ್ಕಿನಂತೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಜೊತೆಗೆ ವಯಸ್ಸು, ಭೂಮಿಯ ಸೆಳೆತ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮಗುವಿಗೆ ಮೊಲೆಯೂಡಿಸಿದರೆ ಸ್ತನ ಜೋಲುತ್ತದೆ ಎಂಬ ನಂಬಿಕೆ ಹಳ್ಳಿ ಪಟ್ಟಣಗಳೆನ್ನದೆ ಎಲ್ಲೆಡೆ ಇದೆ. ಅದಕ್ಕೆ ಹೆದರಿ ಬೇಗನೆ ಬಾಟಲಿ ಹಿಡಿಸಿದ ತಾಯಂದಿರೂ ಇದ್ದಾರೆ. ಅಮೆರಿಕದ ಕೆಂಟುಕಿ ವಿಶ್ವವಿದ್ಯಾಲಯದ ವೈದ್ಯರು, ಸ್ತನದ ಶಸ್ತ್ರಕ್ರಿಯೆ ಬಯಸಿ ಬಂದ ಮಹಿಳೆಯರನ್ನು ಪರೀಕ್ಷಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಸಿರಿನ ಸಂಖ್ಯೆ, ವಯಸ್ಸು, ದೇಹದ ತೂಕ, ಮೊದಲೇ ದೊಡ್ಡದಾಗಿದ್ದ ಸ್ತನ, ಧೂಮಪಾನ ಇವೆಲ್ಲ ಜೋಲುವಿಕೆಗೆ ಕಾರಣವಾಗಿ ಕಂಡವು. ಮೊಲೆಯೂಡಿಸಿದ್ದು ಮಾತ್ರ ಪ್ರತ್ಯೇಕ ಕಾರಣವಾಗಿ ಕಾಣಲಿಲ್ಲ. ಬದಲಾವಣೆಯಾಗುವುದು ಬಸಿರಿನಿಂದ. ಹಾಲು ಕೊಟ್ಟರೂ ಕೊಡದಿದ್ದರೂ ಅದು ಆಗಿಯೇ ಆಗುತ್ತದೆ.

ಇನ್ನು ಮುಲಾಮು, ಎಣ್ಣೆ, ಮಾಲೀಸು. ಸ್ನಾಯುವೇ ಇಲ್ಲದ ಅಂಗವನ್ನು ಬಿಗಿಗೊಳಿಸುವ ಎಣ್ಣೆ ಯಾವುದಿದ್ದೀತು? ನಮ್ಮ ದೇಶದ 1954ರ ಆಕ್ಷೇಪಾರ್ಹ ಔಷಧ ಜಾಹೀರಾತು ಕಾಯ್ದೆಯು, ಇಂತಿಂಥ ವಿಷಯಗಳಲ್ಲಿ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡಬಾರದೆಂದು ಒಂದು ಪಟ್ಟಿಯನ್ನೇ ಕೊಟ್ಟಿದೆ. ಕ್ಯಾನ್ಸರ್, ಕುರುಡು, ಸಕ್ಕರೆ ಕಾಯಿಲೆಗಳ ಸಾಲಿನಲ್ಲೇ ಹೆಣ್ಣಿನ ಎದೆಯ ಆಕಾರವೂ ಆ ಪಟ್ಟಿಯಲ್ಲಿದೆ. ಕಾಯ್ದೆ ಬಂದು ಏಳು ದಶಕ ಕಳೆದರೂ ಜಾಹೀರಾತುಗಳು ನಿಂತಿಲ್ಲ ಎಂಬುದು ಬೇರೆ ಮಾತು.

ಹೆಸರು ಹುಟ್ಟಿದ್ದು 1897ರಲ್ಲಿ

ಸ್ತನಕ್ಕೆ ಕತ್ತಿ ಇಟ್ಟ ಹಳೆಯ ದಾಖಲೆಗಳು ಹೆಣ್ಣಿನವಲ್ಲ, ಗಂಡಿನವು ಎಂದರೆ ಅಚ್ಚರಿಯಾದೀತು. ಏಳನೆಯ ಶತಮಾನದ ಗ್ರೀಕ್ ವೈದ್ಯ, ಈಜಿನಾದ ಪೌಲ್, ಗಂಡಸರಲ್ಲಿ ಹೆಣ್ಣಿನಂತೆ ಬೆಳೆದ ಸ್ತನವನ್ನು ಅರ್ಧಚಂದ್ರಾಕಾರದಲ್ಲಿ ಕೊಯ್ದು ತಗ್ಗಿಸುವ ವಿಧಾನವನ್ನು ಬರೆದಿಟ್ಟಿದ್ದಾನೆ. ಅದು ಗಂಡಸಿಗೆ ನಾಚಿಕೆಯ ವಿಷಯವೆಂದೇ ಅವನ ಸಮರ್ಥನೆ. ಹೆಂಗಸಿನ ಮಾತು ಬಂದಾಗ ದಾಖಲೆಗಳು ಬಹುಕಾಲ ಬರಿಯ ವಿಸ್ಮಯದ ವರದಿಗಳು. 1669ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಒಬ್ಬ ತರುಣಿಯ ಸ್ತನಗಳು ಇದ್ದಕ್ಕಿದ್ದಂತೆ ವಿಪರೀತ ಬೆಳೆದವು. ವಿಲಿಯಂ ಡರ್ಸ್‌ಟನ್ ಎಂಬ ವೈದ್ಯರು ಅದನ್ನು ರಾಯಲ್ ಸೊಸೈಟಿಯ ಪತ್ರಿಕೆಗೆ ಬರೆದು ಕಳಿಸಿದರು. ಆಕೆ ಉಳಿಯಲಿಲ್ಲ. ಅವರಿಗೆ ಆಕೆಯ ವಿಷಯದಲ್ಲಿ ಮಾಡಲು ಸಾಧ್ಯವಾದದ್ದು ಅಳೆಯುವುದು, ತೂಗುವುದು, ಬರೆಯುವುದು ಇಷ್ಟೇ.

ಅರಿವಳಿಕೆಯಿಲ್ಲದ, ರೋಗಾಣುಗಳ ಅರಿವಿಲ್ಲದ ಕಾಲದಲ್ಲಿ ಸೌಂದರ್ಯಕ್ಕಾಗಿ ಕತ್ತಿಯ ಕೆಳಗೆ ಮಲಗುವ ಧೈರ್ಯ ಯಾರಿಗಿದ್ದೀತು? ಈಥರ್ ಬಂದದ್ದು 1846ರಲ್ಲಿ. ಜೋಸೆಫ್ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸಿದ ಫಲವನ್ನು ಪ್ರಕಟಿಸಿದ್ದು 1867ರಲ್ಲಿ. ಇವೆರಡೂ ಆಸ್ಪತ್ರೆಗಳಲ್ಲಿ ಬೇರೂರಿದ ಮೇಲೆಯೇ, ಜೀವಕ್ಕೆ ಅಪಾಯವಿಲ್ಲದ ತೊಂದರೆಗಳಿಗೂ ಶಸ್ತ್ರಕ್ರಿಯೆ ಮಾಡುವ ಮಾತು ಹೊರಟಿತು.

1897ರಲ್ಲಿ ಫ್ರಾನ್ಸಿನ ವೈದ್ಯ ಪೂಸ್ಸೋಂ ಪ್ಯಾರಿಸ್ಸಿನ ಶಸ್ತ್ರವೈದ್ಯರ ಸಂಘದ ಮುಂದೆ ಒಂದು ವರದಿ ಇಟ್ಟರು. ಅದರ ಶೀರ್ಷಿಕೆಯಲ್ಲೇ ‘ಮ್ಯಾಸ್ಟೊಪೆಕ್ಸಿ’ ಎಂಬ ಪದವಿತ್ತು. ಅವರು ಮಾಡಿದ್ದು ಸರಳ. ಸ್ತನದ ಮೇಲ್ಭಾಗದಲ್ಲಿ ಅರ್ಧಚಂದ್ರದಷ್ಟು ಚರ್ಮವನ್ನೂ ಕೊಬ್ಬನ್ನೂ ತೆಗೆದರು, ಗ್ರಂಥಿಯನ್ನು ಮೇಲಕ್ಕೆ ಎಳೆದು ಎದೆಯ ಸ್ನಾಯುವಿನ ಹೊದಿಕೆಗೆ ಹೊಲಿದರು. ಗೋಡೆಯ ಮೊಳೆಗೆ ಚೀಲ ನೇತುಹಾಕಿದ ಹಾಗೆ. ಇದರಲ್ಲಿ ಎರಡು ದೋಷಗಳಿದ್ದವು. ಗಾಯದ ಕಲೆ ಎಲ್ಲರಿಗೂ ಕಾಣುವ ಮೇಲ್ಭಾಗದಲ್ಲೇ ಉಳಿಯುತ್ತಿತ್ತು. ಎರಡನೆಯದಾಗಿ, ಮೊಳೆಗೆ ಹಾಕಿದ ಚೀಲ ಭಾರವಾಗಿದ್ದರೆ ಮತ್ತೆ ಜಗ್ಗುತ್ತದೆ.

ಕಲೆಯನ್ನು ಮರೆಮಾಡಬೇಕಾದರೆ ಕೊಯ್ತ ಕೆಳಗೆ, ಮಡಿಕೆಯಲ್ಲಿ ಆಗಬೇಕು. ಆದರೆ ಕೆಳಗಿನಿಂದ ಚರ್ಮ ತೆಗೆದು ಹೊಲಿದರೆ ಮೊಲೆತೊಟ್ಟು ಇನ್ನೂ ಕೆಳಕ್ಕೆ ನೋಡುತ್ತದೆ. ಅಂದರೆ ತೊಟ್ಟನ್ನೇ ಅದರ ಜಾಗದಿಂದ ಬಿಡಿಸಿ ಮೇಲಕ್ಕೆ ಸಾಗಿಸಬೇಕು. ಬಿಡಿಸಿದರೆ ಅದಕ್ಕೆ ರಕ್ತ ಎಲ್ಲಿಂದ? ಮುಂದಿನ ಅರ್ಧ ಶತಮಾನ ಶಸ್ತ್ರವೈದ್ಯರನ್ನು ಕಾಡಿದ್ದು ಇದೇ ಪ್ರಶ್ನೆ.

ಶ್ರೀರಂಗಪಟ್ಟಣದ ದಾರಿಯ ಒಂದು ಮೂಗು

ಈ ಪ್ರಶ್ನೆಗೆ ಉತ್ತರದ ಬೀಜ ಇದ್ದದ್ದು ಸ್ತನದಲ್ಲಲ್ಲ, ಮೂಗಿನಲ್ಲಿ. ಅದರಲ್ಲೂ ಮೈಸೂರು ಸೀಮೆಯ ಯುದ್ಧಕ್ಕೆ ತಳುಕು ಹಾಕಿಕೊಂಡ ಒಂದು ಮೂಗಿನಲ್ಲಿ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕೊವಾಸ್ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆಮೇಲೆ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಬೊಂಬಾಯಿಯ ಸೇನೆಯನ್ನು ಸೇರಿಕೊಂಡ. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಅವನಿಗೆ ಹೊಸ ಮೂಗು ಕಟ್ಟಿದ. ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರು ನಿಂತು ನೋಡಿದರು. ಅದರ ವಿವರ ಚಿತ್ರಸಮೇತ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ 1794ರ ಅಕ್ಟೋಬರ್‌ನಲ್ಲಿ ಅಚ್ಚಾಯಿತು.

ಮೇಣದ ತೆಳು ಹಾಳೆಯನ್ನು ಮೂಗಿನ ಜಾಗಕ್ಕೆ ಕೂರಿಸಿ ಆಕಾರ ಹಿಡಿಯಲಾಯಿತು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯಲಾಯಿತು. ಗೆರೆಯ ಗುಂಟ ಹಣೆಯ ಚರ್ಮವನ್ನು ಬಿಡಿಸಿದರೂ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಲಾಯಿತು. ಚರ್ಮವನ್ನು ತಿರುಗಿಸಿ ಮೂಗಿನ ಮೇಲೆ ಹೊದಿಸಿದಾಗ ಆ ಪಟ್ಟಿಯ ಮೂಲಕವೇ ರಕ್ತ ಹರಿಯಿತು. ಸುಮಾರು 25 ದಿನಗಳ ಮೇಲೆ, ಹೊಸ ಜಾಗದಲ್ಲಿ ಬೇರು ಬಿಟ್ಟ ನಂತರ, ಪಟ್ಟಿಯನ್ನು ಕತ್ತರಿಸಿದರು. ಸುಶ್ರುತ ಸಂಹಿತೆಯಲ್ಲಿಯೂ ಎಲೆಯಿಂದ ಅಳತೆ ಹಿಡಿದು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಹೇಳಿದೆ. ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಈ ಭಾರತೀಯ ವಿಧಾನವನ್ನು ತಾವೇ ಮಾಡಿ ನೋಡಿ, ಎರಡು ವರ್ಷಗಳ ಮೇಲೆ ಪುಸ್ತಕ ಬರೆದರು. ಯೂರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಹೊಸ ಹುರುಪು ಬಂದದ್ದು ಅಲ್ಲಿಂದ.

ಕತ್ತರಿಸದೆ ಉಳಿಸಿದ ಆ ಪಟ್ಟಿಗೆ ವೈದ್ಯರು ‘ಪೆಡಿಕಲ್’ ಎನ್ನುತ್ತಾರೆ. ಹಣ್ಣಿನ ತೊಟ್ಟು ಇದ್ದ ಹಾಗೆ. ಆದರೆ ಮೊಲೆತೊಟ್ಟಿನ ಮಾತು ನಡೆಯುತ್ತಿರುವಾಗ ಗೊಂದಲ ಬೇಡ, ಇಲ್ಲಿ ಅದನ್ನು ರಕ್ತದ ಕೊಂಡಿ ಎಂದು ಕರೆಯಬಹುದು. ಮೂಗಿಗೆ ಅನ್ವಯಿಸಿದ ಈ ತತ್ವವನ್ನು ಸ್ತನಕ್ಕೆ ಅನ್ವಯಿಸುವುದು ಸಲೀಸಾಗಿರಲಿಲ್ಲ. ಹಣೆಯ ರಕ್ತನಾಳಗಳ ದಾರಿ ಸ್ಪಷ್ಟ. ಸ್ತನಕ್ಕೆ ಎದೆಮೂಳೆಯ ಪಕ್ಕದಿಂದ, ಕಂಕುಳ ಕಡೆಯಿಂದ, ಪಕ್ಕೆಲುಬುಗಳ ನಡುವಿನಿಂದ ಹೀಗೆ ಹಲವು ದಿಕ್ಕುಗಳಿಂದ ರಕ್ತ ಬರುತ್ತದೆ. (ಎದೆಮೂಳೆಯ ಪಕ್ಕದ ಈ ಧಮನಿಯನ್ನೇ ಇಂದು ಹೃದಯದ ಬೈಪಾಸ್‌ಗೂ ಬಳಸುತ್ತಾರೆ.) ಇವುಗಳಲ್ಲಿ ಯಾವುದನ್ನು ಕಡಿಯಬಹುದು, ಯಾವುದನ್ನು ಉಳಿಸಬೇಕು ಎಂಬುದನ್ನು ಶಸ್ತ್ರವೈದ್ಯರು ಕಲಿತದ್ದು ಪುಸ್ತಕದಿಂದಲ್ಲ. ಕಪ್ಪಾಗಿ ಸತ್ತುಹೋದ ಮೊಲೆತೊಟ್ಟುಗಳಿಂದ ಎನ್ನದೆ ವಿಧಿಯಿಲ್ಲ.

ಮೊದಲ ಮಹಾಯುದ್ಧದ ನಂತರ ಈ ಪ್ರಯೋಗಗಳು ಒಮ್ಮೆಗೇ ಹೆಚ್ಚಿದವು. ಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರನ್ನು ರಿಪೇರಿ ಮಾಡುತ್ತಾ ಒಂದು ತಲೆಮಾರಿನ ವೈದ್ಯರು ಚರ್ಮವನ್ನು ಸಾಗಿಸುವ ವಿದ್ಯೆ ಕಲಿತಿದ್ದರು. ಯುದ್ಧ ಮುಗಿದಾಗ ಆ ಕೈಗಳಿಗೆ ಬೇರೆ ಕೆಲಸ ಸಿಕ್ಕಿತು. 1922ರಲ್ಲಿ ಷಿಕಾಗೋದ ಮ್ಯಾಕ್ಸ್ ಥೋರೆಕ್, ಕೊಂಡಿಯ ಗೊಡವೆಯೇ ಬೇಡವೆಂದು ಮೊಲೆತೊಟ್ಟನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸ ಜಾಗದಲ್ಲಿ ಸಸಿಯಂತೆ ನಾಟಿದರು. ಅದು ಬದುಕಬಹುದು. ಆದರೆ ಅದರಲ್ಲಿ ಸ್ಪರ್ಶವಿಲ್ಲ, ಹಾಲೂ ಇಲ್ಲ. ಬಹಳ ದೊಡ್ಡ ಸ್ತನಗಳಲ್ಲಿ, ಬೇರೆ ದಾರಿಯಿಲ್ಲದಾಗ, ಇಂದಿಗೂ ಈ ಉಪಾಯವನ್ನು ಬಳಸುವುದುಂಟು. ಪ್ಯಾರಿಸ್ಸಿನ ರೇಮಂಡ್ ಪಾಸೋ 1925ರಲ್ಲಿ ಮೇಲಿನ ಚರ್ಮದಲ್ಲಿ ಗುಂಡಿಯ ಕಾಜಾದಂಥ ರಂಧ್ರ ಮಾಡಿ ತೊಟ್ಟನ್ನು ಒಳಗಿನಿಂದ ಹೊರಕ್ಕೆ ತೂರಿಸಿದರು.

ವಿಯೆನ್ನಾದ ಹರ್ಮನ್ ಬೀಸನ್‌ಬರ್ಗರ್ 1928ರಲ್ಲಿ ಪ್ರಕಟಿಸಿದ ವಿಧಾನ ಇವರೆಲ್ಲರನ್ನೂ ಹಿಂದಿಕ್ಕಿತು. ಚರ್ಮವನ್ನು ಗ್ರಂಥಿಯಿಂದ ಪೂರ್ತಿಯಾಗಿ ಬಿಡಿಸುವುದು, ಗ್ರಂಥಿಯನ್ನು ಬೇಕಾದಂತೆ ಕೊರೆದು ತಿರುಚಿ ಶಂಖದಾಕಾರ ಕೊಡುವುದು, ಆಮೇಲೆ ಚರ್ಮವನ್ನು ರವಿಕೆಯಂತೆ ತೊಡಿಸುವುದು. ಆಕಾರವೇನೋ ಸೊಗಸಾಗಿ ಬರುತ್ತಿತ್ತು. ಸುಮಾರು ಮೂವತ್ತು ವರ್ಷ ಇದರದೇ ಆಳ್ವಿಕೆ. ಆದರೆ ಚರ್ಮ ಮತ್ತು ಗ್ರಂಥಿಗಳ ನಡುವಿನ ಕೊಂಡಿಗಳೆಲ್ಲ ಕಡಿದುಹೋಗುವುದರಿಂದ ಚರ್ಮವೋ ತೊಟ್ಟೋ ಕೊಳೆಯುವ ಅಪಾಯ ಬೆನ್ನಿಗೇ ಇತ್ತು. ವಿಚಿತ್ರವೆಂದರೆ, ಬೀಸನ್‌ಬರ್ಗರ್ ವಿಧಾನ ಬಂದ ಎರಡೇ ವರ್ಷಗಳಲ್ಲಿ, 1930ರಲ್ಲಿ, ಎಮಿಲ್ ಶ್ವಾರ್ಜ್‌ಮನ್ ಪರಿಹಾರ ತೋರಿಸಿಕೊಟ್ಟಿದ್ದರು. ತೊಟ್ಟಿನ ಸುತ್ತ ಚರ್ಮದ ಮೇಲ್ಪದರವನ್ನು ಮಾತ್ರ ಸುಲಿದು, ಒಳಪದರವನ್ನು ಹಾಗೆಯೇ ಉಳಿಸಿದರೆ ಅದರೊಳಗಿನ ಸೂಕ್ಷ್ಮ ನಾಳಗಳ ಜಾಲವೇ ತೊಟ್ಟನ್ನು ಸಾಕುತ್ತದೆ ಎಂದು ಅವರು ಹೇಳಿದರು. ಇಂದು ನಡೆಯುವ ಬಹುಪಾಲು ಶಸ್ತ್ರಕ್ರಿಯೆಗಳಿಗೆ ಈ ಮಾತೇ ಅಡಿಪಾಯ. ಆದರೂ ಅದು ಎಲ್ಲೆಡೆ ರೂಢಿಗೆ ಬರಲು ದಶಕಗಳು ಹಿಡಿದವು. ಚೆಂದದ ಆಕಾರದ ಫೋಟೋ ಎದುರಿಗಿದ್ದಾಗ ಎಚ್ಚರಿಕೆಯ ಮಾತು ಯಾರಿಗೆ ರುಚಿಸೀತು!

ಚಪಲವೋ, ಚಿಕಿತ್ಸೆಯೋ

ಕಾಯಿಲೆಯಿಲ್ಲದ ಅಂಗಕ್ಕೆ ಕತ್ತಿ ಹಾಕುವುದು ಸರಿಯೇ ಎಂಬ ವಾದವೂ ಆಗಲೇ ಹುಟ್ಟಿತು. ಬರ್ಲಿನ್ನಿನ ಜಾಕ್ ಜೋಸೆಫ್ ಎಂಬ ಮೂಳೆವೈದ್ಯರ ಕಥೆ ಇಲ್ಲಿ ನೆನೆಯುವಂಥದು. 1896ರಲ್ಲಿ ಅಗಲ ಕಿವಿಗಳ ಒಬ್ಬ ಹುಡುಗನನ್ನು ಅವನ ತಾಯಿ ಕರೆತಂದಳು. ಹುಡುಗರ ಗೇಲಿಗೆ ಹೆದರಿ ಅವನು ಶಾಲೆಗೆ ಹೋಗಲೊಲ್ಲ. ಜೋಸೆಫ್ ಕಿವಿಗಳನ್ನು ತಿದ್ದಿದರು, ಫಲ ಚೆನ್ನಾಗಿಯೇ ಬಂತು. ಅಲಂಕಾರಕ್ಕಾಗಿ ಶಸ್ತ್ರಕ್ರಿಯೆ ಮಾಡಿದ ತಪ್ಪಿಗೆ ಆಸ್ಪತ್ರೆಯ ಮುಖ್ಯಸ್ಥರು ಅವರನ್ನು ಕೆಲಸದಿಂದ ತೆಗೆದರು. ಜೋಸೆಫ್ ಮಾತ್ರ ಮನಸ್ಸಿನ ನೋವೂ ನೋವೇ ಎಂಬ ನಿಲುವನ್ನು ಬಿಡಲಿಲ್ಲ. ಮುಂದೆ ಮೂಗಿನ ಶಸ್ತ್ರಕ್ರಿಯೆಗೆ ಜಗತ್ಪ್ರಸಿದ್ಧರಾದ ಅವರೇ 1925ರಲ್ಲಿ ಜೋತುಬಿದ್ದ ಸ್ತನವನ್ನು ಎರಡು ಹಂತಗಳಲ್ಲಿ ಎತ್ತುವ ವಿಧಾನವನ್ನೂ ಪ್ರಕಟಿಸಿದರು. ಎರಡು ಹಂತವೇಕೆಂದರೆ ಮತ್ತೆ ಅದೇ ಕಾರಣ, ರಕ್ತ.

ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಸುಜಾನ್ ನೊಯೆಲ್ ಎಂಬ ವೈದ್ಯೆ ಇದ್ದರು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ, ಸೊರಾಪ್ಟಿಮಿಸ್ಟ್ ಎಂಬ ಮಹಿಳಾ ಸಂಘಟನೆಯನ್ನು ಯೂರೋಪಿಗೆ ತಂದ ಈಕೆ 1926ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಸೌಂದರ್ಯ ಶಸ್ತ್ರಚಿಕಿತ್ಸೆಯ ‘ಸಾಮಾಜಿಕ ಪಾತ್ರ’ದ ಮಾತಿದೆ. ದುಡಿದು ತಿನ್ನುವ ಹೆಂಗಸು ವಯಸ್ಸಾದಂತೆ ಕಂಡರೆ ಕೆಲಸ ಕಳೆದುಕೊಳ್ಳುತ್ತಾಳೆ, ಹಾಗಾಗಿ ಇದು ಶೋಕಿಯಲ್ಲ, ಅನ್ನದ ಪ್ರಶ್ನೆ ಎಂಬುದು ಅವರ ವಾದ. ಹೆಂಗಸನ್ನು ಮುಖ ನೋಡಿ ಕೆಲಸದಿಂದ ತೆಗೆಯುವ ಲೋಕವನ್ನು ತಿದ್ದುವ ಬದಲು ಹೆಂಗಸಿನ ಮುಖವನ್ನು ತಿದ್ದುವುದೇ ಎಂದು ಕೇಳಬಹುದು. ಆದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವಳಿಗೆ ಲೋಕ ಬದಲಾಗುವವರೆಗೆ ಕಾಯುವ ಬಿಡುವು ಇರಲಿಲ್ಲ.

ಈ ವಾದ ಮುಗಿದಿಲ್ಲ. 2018ರ ಫೆಬ್ರುವರಿಯಲ್ಲಿ ಚೆನ್ನೈನ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಡ ಮಹಿಳೆಯರಿಗೆ ಸ್ತನದ ಆಕಾರ ತಿದ್ದುವ ಶಸ್ತ್ರಕ್ರಿಯೆಗಳನ್ನು ಉಚಿತವಾಗಿ ಮಾಡುವ ಚಿಕಿತ್ಸಾಲಯ ಆರಂಭವಾಯಿತು. ಸೌಂದರ್ಯ ಚಿಕಿತ್ಸೆ ಉಳ್ಳವರಿಗಷ್ಟೇ ಏಕೆ ಎಂಬುದು ಅಂದಿನ ಆರೋಗ್ಯ ಸಚಿವರ ಪ್ರಶ್ನೆಯಾಗಿತ್ತು. ಜೀವ ಉಳಿಸುವ ಚಿಕಿತ್ಸೆಗೇ ಹಣ ಸಾಲದಿರುವಾಗ ಇದೆಂಥ ಆದ್ಯತೆ ಎಂದು ಟೀಕಿಸಿದವರೂ ಇದ್ದರು. ಭಾರವಾದ ಸ್ತನಗಳಿಂದ ಬೆನ್ನು, ಕುತ್ತಿಗೆ, ಭುಜ ನೋವು ಬರುತ್ತದೆ, ಮಡಿಕೆಯಲ್ಲಿ ಬೆವರಿ ಹುಣ್ಣಾಗುತ್ತದೆ ಎಂಬುದನ್ನು ಟೀಕಾಕಾರರಲ್ಲಿ ಎಷ್ಟು ಮಂದಿ ಲೆಕ್ಕಕ್ಕೆ ತೆಗೆದುಕೊಂಡರೋ.

ದರ್ಜಿಯ ಪ್ಯಾಟರ್ನು

1956ರವರೆಗೆ ಎಷ್ಟು ಚರ್ಮ ತೆಗೆಯಬೇಕೆಂಬುದು ಶಸ್ತ್ರವೈದ್ಯರ ಕಣ್ಣಳತೆಗೆ ಬಿಟ್ಟದ್ದಾಗಿತ್ತು. ಅದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ರಾಬರ್ಟ್ ವೈಸ್. ಅವರಿಗೆ ಹೊಳೆದದ್ದು ಬಹಳ ಸಾದಾ ಸಂಗತಿ. ಚಪ್ಪಟೆ ಬಟ್ಟೆಯನ್ನು ಶಂಖದಾಕಾರಕ್ಕೆ ಹೊಲಿಯುವ ಸಮಸ್ಯೆಯನ್ನು ಬ್ರೇಸಿಯರ್ ತಯಾರಕರು ಆಗಲೇ ಬಿಡಿಸಿದ್ದರು. (ಆಧುನಿಕ ಬ್ರೇಸಿಯರ್‌ಗೆ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಪೇಟೆಂಟು ಪಡೆದದ್ದು 1914ರಲ್ಲಿ.) ವೈಸ್ ಬ್ರೇಸಿಯರ್‌ನ ಪ್ಯಾಟರ್ನನ್ನೇ ಆಧಾರವಾಗಿ ಹಿಡಿದು, ಚರ್ಮದ ಮೇಲಿಟ್ಟು ಗೆರೆ ಎಳೆಯಬಹುದಾದ ಅಚ್ಚು ಮಾಡಿದರು. ನೋಡಲು ಬೀಗದ ಕೈ ತೂರಿಸುವ ರಂಧ್ರದ ಹಾಗಿರುವ ಈ ‘ವೈಸ್ ಪ್ಯಾಟರ್ನ್’ ಇಂದಿಗೂ ಚಾಲ್ತಿಯಲ್ಲಿದೆ. ಕೊವಾಸ್ಜಿಯ ಹಣೆಯ ಮೇಲಿನ ಮೇಣದ ಹಾಳೆ ನೆನಪಾದರೆ ತಪ್ಪಿಲ್ಲ.

ಮುಂದಿನ ಎರಡು ದಶಕ ರಕ್ತದ ಕೊಂಡಿಯನ್ನು ಯಾವ ದಿಕ್ಕಿನಲ್ಲಿ ಉಳಿಸಬೇಕೆಂಬ ಸ್ಪರ್ಧೆ. 1960ರಲ್ಲಿ ಸ್ವೀಡನ್ನಿನ ಸ್ಟ್ರೋಂಬೆಕ್ ಎಡಬಲಗಳಲ್ಲಿ, 1972ರಲ್ಲಿ ಅಮೆರಿಕದ ಮೆಕ್‌ಕಿಸಕ್ ಮೇಲೆ ಕೆಳಗೆ, ಆಮೇಲೆ ಬಂದವರು ಕೆಳಗೆ ಮಾತ್ರ ಉಳಿಸಿದರು. ಬ್ರೆಜಿಲ್‌ನ ಇವೊ ಪಿಟಾಂಗಿ ತಮ್ಮದೇ ಮಾರ್ಗ ಕಂಡುಕೊಂಡರು. ಶ್ರೀಮಂತರ ವೈದ್ಯರೆಂದು ಹೆಸರಾದ ಅವರು ರಿಯೋ ನಗರದ ಧರ್ಮಾಸ್ಪತ್ರೆಯಲ್ಲಿ ಬಡವರಿಗೂ ಚಿಕಿತ್ಸೆ ನೀಡುತ್ತಿದ್ದರು. 2016ರ ಆಗಸ್ಟ್ 5ರಂದು ರಿಯೋದಲ್ಲಿ ಒಲಿಂಪಿಕ್ ಜ್ಯೋತಿ ಹಿಡಿದು, ಮರುದಿನ ತೀರಿಕೊಂಡರು.

ವೈಸ್ ಪ್ಯಾಟರ್ನಿನಿಂದ ಉಳಿಯುವ ಕಲೆ ದೊಡ್ಡದು. ತೊಟ್ಟಿನ ಕಪ್ಪು ವೃತ್ತದ ಸುತ್ತ ಒಂದು, ಅಲ್ಲಿಂದ ಕೆಳಕ್ಕೆ ಒಂದು, ಮಡಿಕೆಯ ಗುಂಟ ಅಡ್ಡಕ್ಕೆ ಇನ್ನೊಂದು. ಹಡಗಿನ ಲಂಗರಿನ ಆಕಾರ. ಇದನ್ನು ಕಿರಿದು ಮಾಡುವ ಪ್ರಯತ್ನ ಆಮೇಲೆ ಮೊದಲಾಯಿತು. ಫ್ರಾನ್ಸಿನ ಕ್ಲಾಡ್ ಲಾಸಸ್, ಅವರ ದಾರಿಯಲ್ಲಿ ಬ್ರಸೆಲ್ಸ್‌ನ ಮಡೆಲೀನ್ ಲಜೂರ್ ಅಡ್ಡ ಕಲೆಯನ್ನೇ ಬಿಟ್ಟರು. ಪ್ಯಾರಿಸ್ಸಿನ ಲೂಯಿ ಬೆನೆಲ್ಲಿ 1990ರಲ್ಲಿ ವೃತ್ತದ ಸುತ್ತ ಮಾತ್ರ ಕೊಯ್ದು, ಚೀಲದ ಬಾಯಿಗೆ ದಾರ ಎಳೆದಂತೆ ಬಿಗಿಯುವ ವಿಧಾನ ತಂದರು. ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ 1999ರಲ್ಲಿ ಲಂಬ ಕಲೆಯ ವಿಧಾನವನ್ನು ಸರಳಗೊಳಿಸಿದರು. ಯಾರಿಗೆ ಯಾವುದು ಸರಿ ಎಂದು ತೀರ್ಮಾನಿಸಲು ಇಂದಿಗೂ ಬಳಸುವ ಅಳತೆಗೋಲು ಮಾಂಟ್ರಿಯಲ್‌ನ ಪಾಲ್ ರೆನ್ಯೋ ಎಂಬ ವೈದ್ಯೆ 1976ರಲ್ಲಿ ಕೊಟ್ಟದ್ದು. ಮೊಲೆತೊಟ್ಟು ಕೆಳಮಡಿಕೆಯ ಮಟ್ಟದಲ್ಲಿದ್ದರೆ ಮೊದಲ ದರ್ಜೆ, ಅದಕ್ಕಿಂತ ಕೆಳಗಿಳಿದರೆ ಎರಡನೆಯದು, ಸ್ತನದ ತೀರ ತಳಕ್ಕೇ ಬಂದು ನೆಲ ನೋಡಿದರೆ ಮೂರನೆಯದು. ನೊಯೆಲ್, ರೆನ್ಯೋ, ಲಜೂರ್, ಹಾಲ್-ಫಿಂಡ್ಲೆ: ಈ ಕಥೆಯಲ್ಲಿ ಹೆಂಗಸರು ಮೇಜಿನ ಮೇಲೆ ಮಲಗಿದವರಷ್ಟೇ ಅಲ್ಲ, ಪೆನ್ನು ಹಿಡಿದವರೂ ಹೌದು.

ಎತ್ತುವುದನ್ನೂ ತುಂಬುವುದನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಸಿಲಿಕೋನ್ ಚೀಲವಿಟ್ಟು ಗಾತ್ರ ಹೆಚ್ಚಿಸುವ ಶಸ್ತ್ರಕ್ರಿಯೆ 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಆರಂಭವಾದದ್ದು. ಅದಕ್ಕೆ ಅದರದೇ ವ್ಯಾಜ್ಯಗಳ ಇತಿಹಾಸವಿದೆ. 1992ರಲ್ಲಿ ಅಮೆರಿಕ ಸರ್ಕಾರ ಸೌಂದರ್ಯಕ್ಕಾಗಿ ಅದರ ಬಳಕೆಯನ್ನು ತಡೆದಿತ್ತು, 2006ರಲ್ಲಿ ಮತ್ತೆ ಅನುಮತಿಸಿತು. ಎತ್ತುವ ಶಸ್ತ್ರಕ್ರಿಯೆಯಲ್ಲಿ ಹೊರಗಿನ ವಸ್ತು ಇರಲೇಬೇಕೆಂದಿಲ್ಲ. ಇರುವುದನ್ನೇ ಸರಿಯಾದ ಜಾಗಕ್ಕೆ ತರುವುದು. ಹಾಗಾಗಿ ಗಾತ್ರ ಹೆಚ್ಚುವುದಿಲ್ಲ.

ಏನನ್ನು ನಿರೀಕ್ಷಿಸಬಹುದು?

ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ, ಪೂರ್ತಿ ಅರಿವಳಿಕೆ. ಅದೇ ದಿನ ಅಥವಾ ಮರುದಿನ ಮನೆಗೆ. ಮೊದಲ ವಾರ ಊತ, ನೋವು, ನೀಲಿಗಟ್ಟುವಿಕೆ. ನಾಲ್ಕರಿಂದ ಆರು ವಾರ ಬಿಗಿಯಾದ ಒಳಉಡುಪು ತೊಟ್ಟಿರಬೇಕು, ಭಾರ ಎತ್ತುವಂತಿಲ್ಲ. ಕೊಡಪಾನ, ಗ್ಯಾಸ್ ಸಿಲಿಂಡರ್ ಇರಲಿ, ಎರಡು ವರ್ಷದ ಮಗುವನ್ನೂ ಎತ್ತಿಕೊಳ್ಳುವಂತಿಲ್ಲ. ಮನೆಯಲ್ಲಿ ಕೈಗೊಬ್ಬರು ಇಲ್ಲದ ಹೆಣ್ಣುಮಕ್ಕಳು ಮೊದಲು ಯೋಚಿಸಬೇಕಾದದ್ದು ಇದನ್ನೇ. ಮೊದಮೊದಲು ಸ್ತನ ತೀರ ಮೇಲೆ, ಅಸಹಜವಾಗಿ ಕಾಣುತ್ತದೆ. ನಿಜವಾದ ಆಕಾರಕ್ಕೆ ಇಳಿಯಲು ತಿಂಗಳುಗಳು ಬೇಕು.

ಕಲೆ ಹೋಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಕೆಂಪಗೋ ಕಪ್ಪಗೋ ಎದ್ದು ಕಾಣುತ್ತದೆ, ವರ್ಷ ಒಂದೂವರೆ ವರ್ಷದಲ್ಲಿ ಮಂಕಾಗುತ್ತದೆ. ಇಲ್ಲಿ ನಮ್ಮವರು ಗಮನಿಸಬೇಕಾದ ಸಂಗತಿಯೊಂದಿದೆ. ಬಿಳಿಯರಿಗಿಂತ ಕಂದು, ಕಪ್ಪು ಚರ್ಮದವರಲ್ಲಿ ಗಾಯದ ಕಲೆ ದಪ್ಪಗೆ ಉಬ್ಬುವ, ಕೀಲಾಯ್ಡ್ ಆಗುವ, ಕಪ್ಪಾಗುವ ಸಂಭವ ಹೆಚ್ಚು. ಪರದೇಶದ ಪುಸ್ತಕದಲ್ಲಿನ ಫೋಟೋ ತೋರಿಸಿದರೆ ಸಾಲದು. ತಮ್ಮದೇ ಮೈಬಣ್ಣದವರ, ವರ್ಷ ಕಳೆದ ಮೇಲಿನ ಫೋಟೋ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಕಿವಿ ಚುಚ್ಚಿಸಿದ ಜಾಗ, ಹಿಂದಿನ ಸಿಸೇರಿಯನ್ ಕಲೆ ಉಬ್ಬಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ತೊಟ್ಟಿನ ಸ್ಪರ್ಶ ಸ್ವಲ್ಪ ಕಾಲ ಮಂದವಾಗುವುದು ಸಾಮಾನ್ಯ. ಹೆಚ್ಚಿನವರಿಗೆ ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ. ಹಾಲಿನ ನಾಳಗಳಿಗೆ ಪೆಟ್ಟಾದರೆ ಮುಂದೆ ಮೊಲೆಯೂಡಿಸಲು ತೊಡಕಾದೀತು. ಮತ್ತೆ ಬಸಿರಾದರೆ ಎತ್ತಿದ್ದು ಮತ್ತೆ ಇಳಿಯಬಹುದು. ಅದಕ್ಕೇ ಮಕ್ಕಳು ಸಾಕೆಂದು ತೀರ್ಮಾನಿಸಿದ ಮೇಲೆ, ತೂಕ ಒಂದು ಹಂತಕ್ಕೆ ನಿಂತ ಮೇಲೆ ಬನ್ನಿ ಎನ್ನುವ ವೈದ್ಯರು ವ್ಯಾಪಾರಕ್ಕಿಂತ ವೃತ್ತಿಗೆ ನಿಷ್ಠರು ಎನ್ನಬಹುದು. ನಲವತ್ತು ದಾಟಿದವರಿಗೆ ಮೊದಲು ಮ್ಯಾಮೊಗ್ರಾಮ್ ಮಾಡಿಸುವುದು ರೂಢಿ. ತಂಬಾಕು ಬಳಸುವವರು ಹಿಂದೆ ಮುಂದೆ ನಾಲ್ಕು ವಾರವಾದರೂ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಉಳಿಸಿದ ಒಂದೇ ಕೊಂಡಿಯೂ ಬತ್ತಿದರೆ ಬೀಸನ್‌ಬರ್ಗರ್ ಕಾಲದ ಕಪ್ಪು ತೊಟ್ಟು ಇಂದಿನ ಆಸ್ಪತ್ರೆಯಲ್ಲೂ ಕಾಣಿಸಿಕೊಳ್ಳುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಗಾಯವನ್ನು ಬೇಗ ಮಾಯಗೊಡದು. ಎಲ್ಲವೂ ಸರಿಯಾಗಿ ನಡೆದರೂ ಫಲ ಶಾಶ್ವತವಲ್ಲ. ಕೂಪರ್ ಬಣ್ಣಿಸಿದ ನಾರುಗಳು ಹೊಸದಾಗುವುದಿಲ್ಲ, ಭೂಮಿಯ ಸೆಳೆತವೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಕಲಿತ ವಿದ್ಯೆ ಸೌಂದರ್ಯದ ಕೋಣೆಯಲ್ಲಿ ಮಾತ್ರ ಉಳಿದಿದ್ದರೆ ಅದರ ಕಥೆ ಇಷ್ಟು ಉದ್ದ ಬೆಳೆಯುತ್ತಿರಲಿಲ್ಲವೇನೋ. ಕ್ಯಾನ್ಸರ್‌ನಿಂದ ಒಂದು ಸ್ತನವನ್ನು ತೆಗೆದು ಹೊಸದಾಗಿ ಕಟ್ಟಿದಾಗ, ಇನ್ನೊಂದು ಜೋತುಬಿದ್ದಿದ್ದರೆ ಎರಡೂ ಸಮವಾಗುವುದಿಲ್ಲ. ಆರೋಗ್ಯವಾಗಿರುವುದನ್ನು ಎತ್ತಿ ಸಮಮಾಡಬೇಕಾಗುತ್ತದೆ. ಅದು ಅಲಂಕಾರವಲ್ಲ, ಚಿಕಿತ್ಸೆಯ ಭಾಗವೇ ಎಂದು ಅಮೆರಿಕ 1998ರಲ್ಲಿ ಕಾಯ್ದೆ ಮಾಡಿತು. ಸ್ತನದ ಚಿಕಿತ್ಸೆಗೆ ಹಣ ಕೊಡುವ ವಿಮಾ ಕಂಪನಿ ಇನ್ನೊಂದು ಸ್ತನವನ್ನು ಸಮಮಾಡುವ ಖರ್ಚನ್ನೂ ಕೊಡಬೇಕು. ಇನ್ನೂ ಮುಂದೆ ಹೋದರೆ, ಗಡ್ಡೆ ಸಣ್ಣದಿದ್ದು ಜಾಗ ಅನುಕೂಲವಾಗಿದ್ದಾಗ, ಸ್ತನ ಎತ್ತುವಾಗ ಹೇಗಿದ್ದರೂ ತೆಗೆಯುವ ಭಾಗದಲ್ಲೇ ಗಡ್ಡೆಯೂ ಸುತ್ತಲಿನ ಅಂಗಾಂಶವೂ ಬರುವಂತೆ ಯೋಜಿಸಿ, ಸ್ತನವನ್ನು ಕಳೆದುಕೊಳ್ಳದೆ ಉಳಿಸುವ ಕ್ರಮ ಈಗ ಹಲವು ಕ್ಯಾನ್ಸರ್ ಆಸ್ಪತ್ರೆಗಳಲ್ಲಿದೆ. ಆ ಬೆಳಿಗ್ಗೆಯೂ ಹೆಂಗಸು ನೆಟ್ಟಗೆ ನಿಂತಿರುತ್ತಾಳೆ. ವೈದ್ಯರು ಪೆನ್ನು ತೆಗೆದು ಮೊದಲು ಗಡ್ಡೆಯ ಜಾಗ ಗುರುತಿಸುತ್ತಾರೆ, ಆಮೇಲೆ ಅದರ ಸುತ್ತ ವೈಸ್ ಹಾಕಿಕೊಟ್ಟ ಅದೇ ಗೆರೆಗಳನ್ನು ಎಳೆಯುತ್ತಾರೆ.